ಹಾಜರಿ ಪುಸ್ತಕದ ಊರು

ಸ್ಲ್ಯಾಬ್ ಹಾಕುವ ದಿನ ಯಾರೂ ಕೆಳಗೆ ಇಳಿಯುವ ಹಾಗಿಲ್ಲ.

ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನು ಮುರಿದವರು ಬೇಕಾದಷ್ಟು ಜನ ಇದ್ದಾರೆ, ಇದನ್ನು ಮುರಿದವರಿಲ್ಲ. ಬೆಳಿಗ್ಗೆ ಮೊದಲ ಬಾಂಡ್ಲಿ ಕಾಂಕ್ರೀಟು ಮೇಲೆ ಬಿತ್ತು ಅಂದರೆ ಕೊನೆಯ ಬಾಂಡ್ಲಿ ಬೀಳುವ ತನಕ ಹೆಂಗಸರ ಸಾಲು ಕಡಿಯಬಾರದು. ನಡುವೆ ನಿಂತರೆ ಹಾಕಿದ್ದು ಬಿಗಿದುಕೊಳ್ಳುತ್ತದೆ. ಆಮೇಲೆ ಸುರಿದದ್ದು ಅದಕ್ಕೆ ಕೂಡಿಕೊಳ್ಳುವುದಿಲ್ಲ. ಒಂದು ಗೆರೆ ಉಳಿಯುತ್ತದೆ, ಮೊದಲ ಮಳೆಗೇ ಆ ಗೆರೆಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಸ್ಲ್ಯಾಬಿನ ದಿನ ಜ್ವರ ಇಲ್ಲ, ಮುಟ್ಟು ಇಲ್ಲ, ಕೆಳಗೆ ಮಗು ಅತ್ತರೆ ಯಾರ ಕಿವಿಗೂ ಕೇಳಿಸುವುದಿಲ್ಲ.

ಬಾಂಡ್ಲಿಯಕ್ಕ ಹನ್ನೊಂದು ವರ್ಷದಿಂದ ಆ ಸಾಲಿನ ತಲೆಯಲ್ಲಿ ನಿಂತವಳು. ಏಣಿಯ ಕೊನೆಯ ಮೆಟ್ಟಿಲು, ಎಲ್ಲಕ್ಕಿಂತ ಕೆಟ್ಟ ಜಾಗ. ಕೆಳಗಿನವಳು ಎತ್ತಿಕೊಟ್ಟದ್ದನ್ನು ಬಗ್ಗಿ ತೆಗೆದುಕೊಂಡು, ಸೊಂಟ ತಿರುಗಿಸಿ, ಮೇಸ್ತ್ರಿಯ ಕಾಲ ಬುಡಕ್ಕೆ ಸುರಿದು, ಖಾಲಿ ಬಾಂಡ್ಲಿಯನ್ನು ಕೆಳಕ್ಕೆ ಎಸೆಯಬೇಕು. ದಿನಕ್ಕೆ ಸಾವಿರ ಸಲ. ಅವಳ ಸೊಂಟ ಎಡಕ್ಕೇ ತಿರುಗಿ ನಿಂತುಬಿಟ್ಟಿದೆ. ನೆಟ್ಟಗೆ ನಡೆದರೂ ಯಾರನ್ನೋ ಹಿಂದಿರುಗಿ ನೋಡುತ್ತಿರುವ ಹಾಗೆ ಕಾಣುತ್ತಾಳೆ. ಸಿಮೆಂಟು ತಿಂದು ತಿಂದು ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿ ಬೀಳುತ್ತದೆ.

ಗಂಡ ಸತ್ತ ದಿನವೂ ಅವಳು ಇಳಿದಿರಲಿಲ್ಲ. ಸರ್ಕಾರಿ ಯೂನಿವರ್ಸಿಟಿಯ ಲೈಬ್ರರಿಗೆ ಸ್ಲ್ಯಾಬ್ ಹಾಕುತ್ತಿದ್ದ ದಿನ ಅದು. ಹಿಂದಿನ ಗೋಡೆಗೆ ಕಟ್ಟಿದ್ದ ಸಾರುವೆ ಮುರಿದು ಗಾರೆ ಕೆಲಸದ ಗಂಡ ಬಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅವಳಿಗೆ ಹೇಳಿದ್ದು ಸಂಜೆ ಏಳಕ್ಕೆ, ಕೊನೆಯ ಬಾಂಡ್ಲಿ ಬಿದ್ದ ಮೇಲೆ. ಎಂಟು ಗಂಟೆ ಹೊತ್ತು ಅವಳು ಏನೂ ಗೊತ್ತಿಲ್ಲದೆ ಕಾಂಕ್ರೀಟು ಹೊತ್ತಳು. ಸಾಲಿನಲ್ಲಿದ್ದ ಅರ್ಧ ಹೆಂಗಸರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಸ್ಲ್ಯಾಬಿನ ದಿನ ಅಲ್ಲವೇ.

ಇವತ್ತೂ ಸ್ಲ್ಯಾಬಿನ ದಿನ. ಅದೇ ಯೂನಿವರ್ಸಿಟಿ. ಪ್ರವೇಶ ವಿಭಾಗಕ್ಕೆ ಹೊಸ ಕಟ್ಟಡ ಏಳುತ್ತಿದೆ. ಮತ್ತು ಇವತ್ತೇ ಅವಳ ಮಗಳಿಗೆ ಆ ಯೂನಿವರ್ಸಿಟಿಯಲ್ಲಿ ಸೀಟು ಸಿಗುವ ಅಥವಾ ಕೈತಪ್ಪುವ ಕೊನೆಯ ದಿನ. ಪಕ್ಕದ ಹಳೇ ಕಟ್ಟಡದಲ್ಲಿ ಕಾಗದ ನೋಡುವ ಕಿಟಕಿ ಸಂಜೆ ಐದಕ್ಕೆ ಮುಚ್ಚುತ್ತದೆ.

ಮಗಳು ಈ ರಾಜ್ಯಕ್ಕೆ ಬಂದಾಗ ಏಳು ವರ್ಷ. ಈಗ ಹದಿನೆಂಟು. ಯೂನಿವರ್ಸಿಟಿಯ ಹಿಂಬದಿ ಕಾಂಪೌಂಡಿಗೆ ಒರಗಿಸಿದ ತಗಡಿನ ಶೆಡ್ಡುಗಳಲ್ಲಿ ಮೂರನೆಯದು ಅವರದು. ಬೆಳಿಗ್ಗೆ ಹೊಸ ಗೋಡೆಗಳಿಗೆಲ್ಲ ನೀರು ಹೊಡೆದು, ಒದ್ದೆ ಬಟ್ಟೆಯಲ್ಲೇ ಸ್ಕೂಲಿಗೆ ಓಡುತ್ತಿದ್ದಳು. ಮುಂದೆ ಏನಾಗ್ತೀಯಾ ಅಂತ ಟೀಚರು ಕೇಳಿದಾಗ, "ಕಟ್ಟಡದ ಇಂಜಿನಿಯರು. ನಮ್ಮಪ್ಪ ನಿಂತಿದ್ದ ಸಾರುವೆ ಎಷ್ಟು ಭಾರ ತಡೀತಿತ್ತು ಅಂತ ಲೆಕ್ಕ ಹಾಕಿ ನೋಡ್ಬೇಕು" ಅಂದಿದ್ದಳು. ಟೀಚರು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಪರೀಕ್ಷೆಯಲ್ಲಿ ಅವಳ ಸ್ಥಾನ ನಲವತ್ತೊಂದು ಬಂತು. ರಾಜ್ಯದವರಿಗೆ ಅರವತ್ತು ಸೀಟು, ಹೊರರಾಜ್ಯದವರಿಗೆ ಆರು. ರಾಜ್ಯದವಳಾದರೆ ಸೀಟು ಗ್ಯಾರಂಟಿ, ಹೊರಗಿನವಳಾದರೆ ಹತ್ತಿರಕ್ಕೂ ಸುಳಿಯುವ ಹಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಪರೀಕ್ಷೆ ಕೊಟ್ಟದ್ದನ್ನು ನಿಯಮ ಹಿಡಿದುಕೊಂಡು ಕೂತಿತ್ತು. ತಂದೆಯೋ ತಾಯಿಯೋ ಏಳು ವರ್ಷ ಬಿಡದೆ ಈ ರಾಜ್ಯದಲ್ಲಿ ವಾಸವಿರಬೇಕು, ಅದಕ್ಕೆ ಕಾಗದ ಇರಬೇಕು. ಮನೆಯ ಕಾಗದ, ಬಾಡಿಗೆಯ ಕಾಗದ, ಕರೆಂಟು ಬಿಲ್ಲು, ಯಾವುದಾದರೂ ಸರಿ. ಶೆಡ್ಡಿನಲ್ಲಿದ್ದ ಕಾಗದ ಒಂದೇ, ಸಿಮೆಂಟು ಚೀಲದ್ದು. ಅದನ್ನು ಹಾಸಿಕೊಂಡು ಹನ್ನೊಂದು ವರ್ಷ ಮಲಗಿದ್ದರು.

ಕೆಲಸ ಕೊಟ್ಟವರ ದಾಖಲೆಯಾದರೂ ನಡೆಯುತ್ತದೆ ಅಂದಿದ್ದರು ಕಿಟಕಿಯಲ್ಲಿ. ತಾಯಿ ಮಗಳಿಬ್ಬರಿಗೂ ಹೋದ ಜೀವ ಬಂದಂತಾಯಿತು. ಕೆಲಸ ಕೊಟ್ಟವರು ಬೇರೆ ಯಾರು, ಇದೇ ಯೂನಿವರ್ಸಿಟಿಯ ಕಟ್ಟಡ ವಿಭಾಗ. ಹಾಜರಿ ಗುಮಾಸ್ತ ಒಳ್ಳೆಯ ಮುದುಕ. ಹನ್ನೊಂದು ವರ್ಷದ ಹಾಜರಿ ಪುಸ್ತಕ ತೆಗೆದು, ಧೂಳು ಕೊಡವಿ, ನಕಲು ಮಾಡಿಸಿ, ಸೀಲು ಒತ್ತಿ ಕೊಟ್ಟ. "ಒಂದು ತಿಂಗಳೂ ತಪ್ಪಿಲ್ಲ ನೋಡು ಅಕ್ಕ, ನನಗಿಂತ ನಿನ್ನ ಹಾಜರಿಯೇ ಹೆಚ್ಚು" ಅಂದ. ನಿನ್ನೆ ಮಧ್ಯಾಹ್ನ ಇಬ್ಬರೂ ಮುಖ ತೊಳೆದುಕೊಂಡು ಕಿಟಕಿಗೆ ಹೋದರು.

ಕಿಟಕಿಯ ಹೆಂಗಸು ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಕೆಟ್ಟವಳೇನಲ್ಲ. ಕೆಟ್ಟವರು ಇಲ್ಲ ಅನ್ನುವುದನ್ನು ಬೇಗ ಅನ್ನುತ್ತಾರೆ, ಇವಳು ನಿಧಾನವಾಗಿ ಅಂದಳು.

"ಹಾಜರಿ ಇದೆ, ಸರಿ. ಆದರೆ ಊರು ಅನ್ನೋ ಕಾಲಮ್ಮಲ್ಲಿ ಏನಿದೆ ನೋಡಿ. ಹೊರರಾಜ್ಯದ ಹಳ್ಳಿ. ಒಂದು ಸಲ ಅಲ್ಲ, ಪ್ರತಿ ವರ್ಷ ಅದನ್ನೇ ಬರೆಸಿದ್ದೀರಿ."

"ಅದು ಹುಟ್ಟಿದೂರು ತಾಯಿ."

"ಮತ್ತೆ ಇಲ್ಲಿ ವಾಸ ಇದ್ದೀನಿ ಅಂತ ಎಲ್ಲಿ ಬರೆಸಿದ್ದೀರಿ?"

"ವಾಸ ಇಲ್ಲದೆ ಕೆಲಸ ಮಾಡೋಕಾಗುತ್ತಾ? ಎರಡು ದಿನದ ರೈಲಿನ ದಾರಿ. ಬೆಳಿಗ್ಗೆ ಬಂದು ಸಂಜೆ ಹೋಗ್ತಿದ್ವಾ?"

ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಿಟಕಿಯವಳು ನಗಲಿಲ್ಲ. "ನೀವೇ ಬರೆಸಿದ್ದು. ನಾನೇನು ಮಾಡ್ಲಿ?"

"ನಾನು ಓದಿದ್ದೆಲ್ಲ ಇಲ್ಲೇ ಮೇಡಂ" ಅಂದಳು ಮಗಳು. "ಸ್ಕೂಲಿನ ಕಾಗದ ಇದೆ."

"ಅದು ನೀನು ಓದಿದ್ದಕ್ಕೆ ಸಾಕ್ಷಿ. ಮಕ್ಕಳು ಎಲ್ಲಿಯವರು ಅನ್ನೋದು ಅಪ್ಪ ಅಮ್ಮನ ಮೇಲೆ ಹೋಗುತ್ತೆ. ನಿಮ್ಮ ರಾಜ್ಯದಲ್ಲೇ ಯಾಕೆ ಅರ್ಜಿ ಹಾಕಲಿಲ್ಲ?"

"ಹಾಕಿದ್ದೆ. ಓದಿದ್ದು ಅಲ್ಲಿ, ನೀನು ಅಲ್ಲಿಯವಳು ಅಂದರು."

ಬಾಂಡ್ಲಿಯಕ್ಕ ಸೆರಗಿನ ಗಂಟಿನಿಂದ ಇನ್ನೊಂದು ಕಾಗದ ತೆಗೆದಳು. ಎಂಟು ವರ್ಷದ ಹಳೇದು, ಮಡಚಿದಲ್ಲೆಲ್ಲ ತೂತು ಬಿದ್ದಿತ್ತು. "ಇದರಲ್ಲಿ ನಿಮ್ಮದೇ ಸೀಲಿದೆ. ಆಗಲೂ ನಾವು ಇಲ್ಲೇ ಇದ್ವಿ" ಅಂದಳು. ಕಿಟಕಿಯವಳು ಬಿಡಿಸಿ ಓದಿದಳು. ಲೈಬ್ರರಿಯ ಕೆಲಸದಲ್ಲಿ ಮೃತನಾದ ಹೊರರಾಜ್ಯದ ಕೂಲಿಯ ಶವವನ್ನು ಸ್ವಂತ ಊರಿಗೆ ಸಾಗಿಸಲು ಲಾರಿ ಒದಗಿಸಲಾಗಿದೆ, ಅಂತ ಇತ್ತು. ಅವಳು ಅದನ್ನು ಹೇಗಿತ್ತೋ ಹಾಗೆ ಮಡಚಿ ವಾಪಸು ಕೊಟ್ಟಳು.

ಕೂಲಿಯವರು ಊರು ಅನ್ನುವ ಕಾಲಮ್ಮಿನಲ್ಲಿ ಹುಟ್ಟಿದೂರನ್ನೇ ಯಾಕೆ ಬರೆಸುತ್ತಾರೆ ಅನ್ನುವುದು ಕಿಟಕಿಯ ಒಳಗೆ ಕೂತವರಿಗೆ ಗೊತ್ತಿರಲಿಕ್ಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಳಬರು ಹೊಸಬರಿಗೆ ಕಲಿಸುವ ಪಾಠ ಅದು. ಇರುವ ಜಾಗ ಬರೆಸಬೇಡ, ನಿನ್ನವರಿರುವ ಜಾಗ ಬರೆಸು. ಮೇಲಿಂದ ಬಿದ್ದರೆ ಲಾರಿ ಆ ವಿಳಾಸಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಲ್ಲೇ ಎಲ್ಲೋ ಗುಂಡಿ ತೋಡಿ ಮುಚ್ಚುತ್ತಾರೆ, ಯಾವ ಗುಂಡಿ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಗಂಡ ಹಾಗೇ ಊರು ಸೇರಿದ್ದ. ಎರಡು ದಿನ ಮಂಜುಗಡ್ಡೆಯ ನೀರು ಸೋರಿಸಿಕೊಂಡು ಹೋಗಿ ತನ್ನ ಅಪ್ಪನ ಪಕ್ಕದಲ್ಲಿ ಮಣ್ಣಾಗಿದ್ದ. ಅವನ ಈ ಪಕ್ಕ ಇವಳಿಗೆ ಅಂತ ಒಂದು ಕಲ್ಲು ನೆಟ್ಟು ಬಂದಿದ್ದಳು. ಹೆಣಕ್ಕೆ ಅಂತ ಬರೆಸಿದ ವಿಳಾಸವನ್ನು ಓದಿ ಬದುಕಿದ್ದವರನ್ನು ಆಚೆ ಹಾಕಿದರು. ಇದಕ್ಕೆ ಹೊಟ್ಟೆ ಉರಿಯದೆ ಇನ್ನು ಯಾವುದಕ್ಕೆ ಉರಿಯಬೇಕು?

"ಒಂದು ದಾರಿ ಇದೆ" ಅಂದಿದ್ದಳು ಕಿಟಕಿಯವಳು ಕೊನೆಗೆ. "ಇವರು ಇಷ್ಟು ವರ್ಷದಿಂದ ನಮ್ಮ ಶೆಡ್ಡಲ್ಲಿ ವಾಸ ಇದ್ದಾರೆ ಅಂತ ನಿಮ್ಮ ಇಂಜಿನಿಯರು ಒಂದು ಸಾಲು ಬರೆದು ಸೀಲು ಹಾಕಿ ಕೊಟ್ಟರೆ ಸಾಕು. ನಾಳೆ ಐದರ ಒಳಗೆ."

ನಿನ್ನೆ ಸಂಜೆಯೇ ಇಂಜಿನಿಯರನ್ನು ಹಿಡಿದಿದ್ದಳು. ಅವನು ತಲೆ ಕೆರೆದುಕೊಂಡ. "ಶೆಡ್ಡುಗಳು ನಕ್ಷೆಯಲ್ಲೇ ಇಲ್ಲ ಕಣಮ್ಮ. ಇವೆ ಅಂತ ನಾನು ಬರೆದುಕೊಟ್ಟರೆ ಯಾರನ್ನ ಕೇಳಿ ಇಟ್ಟೆ ಅಂತ ನನ್ನ ಕುತ್ತಿಗೆಗೆ ಬರುತ್ತೆ. ನಾಳೆ ಸ್ಲ್ಯಾಬ್ ಮುಗೀಲಿ, ನೋಡೋಣ."

"ಸ್ಲ್ಯಾಬ್ ಮುಗಿಯೋದು ಏಳಕ್ಕೆ ಸಾರ್. ಕಿಟಕಿ ಮುಚ್ಚೋದು ಐದಕ್ಕೆ."

"ನೋಡೋಣ ಅಂದೆನಲ್ಲ."

ದೊಡ್ಡವರ ಬಾಯಲ್ಲಿ 'ನೋಡೋಣ' ಬಂದರೆ ಅರ್ಥ ಏನು ಅಂತ ಸಣ್ಣವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅವಳು ಇವತ್ತು ಬೆಳಿಗ್ಗೆ ಆರಕ್ಕೆ ಏಣಿ ಹತ್ತಿದಳು. ತಲೆಗೆ ಸಿಂಬೆ ಸುತ್ತಿಕೊಂಡಳು. ಕೆಳಗೆ ಮಿಕ್ಸರು ತಿರುಗಿತು. ಬಾಂಡ್ಲಿ ಬಂತು, ಸುರಿದಳು, ಎಸೆದಳು. ಮತ್ತೆ ಬಂತು. ಕಾಂಕ್ರೀಟಿನ ನೀರು ಕುತ್ತಿಗೆಯಿಂದ ರವಿಕೆಯೊಳಗೆ ಇಳಿದು ಉರಿಯತೊಡಗಿತು. ಹನ್ನೆರಡಾಯಿತು, ಎರಡಾಯಿತು. ಮಗಳು ಮರಳಿನ ಗುಡ್ಡೆಯ ಪಕ್ಕ ಫೈಲು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ಇಂಜಿನಿಯರು ಮೇಲೆ ಬಂದಾಗಲೆಲ್ಲ ಬಾಂಡ್ಲಿಯಕ್ಕ, "ಸಾರ್, ಆ ಕಾಗದ" ಅಂದಳು. ಅವನು, "ಕೆಲಸ ನೋಡು" ಅಂದ. ನಾಲ್ಕು ಸಲ ಹೀಗಾಯಿತು.

ಮೂರು ಗಂಟೆಗೆ ಕೆಳಗಿನಿಂದ ಬಂದ ಬಾಂಡ್ಲಿಯನ್ನು ತೆಗೆದುಕೊಂಡಳು. ಸುರಿಯಲಿಲ್ಲ. ಪಕ್ಕಕ್ಕೆ ಇಟ್ಟು, ಏಣಿಯ ತುದಿಯಲ್ಲಿ ಕೂತುಬಿಟ್ಟಳು.

ಕೆಳಗಿನವಳ ತಲೆಯ ಮೇಲಿನ ಬಾಂಡ್ಲಿ ಅಲ್ಲೇ ನಿಂತಿತು. ಅದರ ಕೆಳಗಿನದೂ ನಿಂತಿತು. ಮೇಸ್ತ್ರಿ ಕರಣೆ ಎತ್ತಿಕೊಂಡೇ ಕೂಗಿದ, "ಏ ಅಕ್ಕ! ಏನಾಯ್ತು? ಬಿಗಿಯುತ್ತೆ ಕಣೇ!"

"ಬಿಗೀಲಿ."

ಇಂಜಿನಿಯರು ಸರಳುಗಳ ಮೇಲೆ ಹೆಜ್ಜೆ ಹಾಕಿಕೊಂಡು ಓಡಿ ಬಂದ. "ತಲೆ ಕೆಟ್ಟಿದೆಯಾ ನಿನಗೆ? ಏಳು. ಇಲ್ಲ ಇಳಿ."

"ಏಳೋದೂ ಇಲ್ಲ, ಇಳಿಯೋದೂ ಇಲ್ಲ ಸಾರ್. ಗಂಡ ಸತ್ತ ದಿನ ಎಂಟು ಗಂಟೆ ಎತ್ತಿದೀನಿ. ಆವತ್ತಿಂದು ಬಾಕಿ ಇದೆ. ಒಂದು ಸಾಲು ಬರೆದುಕೊಡಿ, ಎತ್ತುತೀನಿ."

"ಏ, ನೀನು ಬಾ ಮೇಲಕ್ಕೆ, ಇವಳ ಜಾಗಕ್ಕೆ" ಅಂತ ಅವನು ಕೆಳಗಿನವಳಿಗೆ ಹೇಳಿದ.

ಕೆಳಗಿದ್ದವಳು ಎಲ್ಲರೂ ಬೊಚ್ಚುಬಾಯಿ ಅತ್ತೆ ಅಂತ ಕರೆಯುವ ಮುದುಕಿ. ಈ ಕೆಲಸದಲ್ಲಿ ಎಲ್ಲರಿಗಿಂತ ಹಳಬಳು. ಬಾಂಡ್ಲಿಯನ್ನು ನಿಧಾನವಾಗಿ ಇಳಿಸಿ ಮೆಟ್ಟಿಲ ಮೇಲಿಟ್ಟಳು. "ನನಗೆ ಎತ್ತರ ಕಂಡರೆ ತಲೆ ಸುತ್ತುತ್ತೆ ಸ್ವಾಮಿ" ಅಂದಳು. ಮೂವತ್ತು ವರ್ಷದಿಂದ ಏಣಿ ಹತ್ತಿದವಳು. ಆಮೇಲೆ ಬಾಂಡ್ಲಿಯಕ್ಕನ ಕಾಲು ಮುಟ್ಟಿ, ಅವಳಿಗೆ ಮಾತ್ರ ಕೇಳುವ ಹಾಗೆ, "ಆವತ್ತು ನನಗೆ ಗೊತ್ತಿತ್ತು ಕಣೇ. ಬಾಯಿ ಬಿಡಲಿಲ್ಲ. ಇವತ್ತು ಬಾಂಡ್ಲಿ ಬಿಡ್ತೀನಿ" ಅಂದಳು. ಅವಳ ಕೆಳಗಿನವಳೂ ಇಟ್ಟಳು. ಟಣ್ ಟಣ್ ಅಂತ ಸಾಲಿನುದ್ದಕ್ಕೂ ಬಾಂಡ್ಲಿಗಳು ಕೂತವು.

ಇಂಜಿನಿಯರು ಬೈದ. ನಾಳೆಯಿಂದ ಒಬ್ಬರಿಗೂ ಕೆಲಸವಿಲ್ಲ ಅಂದ. ಹೆಂಗಸರು ಅವನ ಮುಖವನ್ನೂ ನೋಡಲಿಲ್ಲ, ಕಾಂಕ್ರೀಟನ್ನು ನೋಡುತ್ತಿದ್ದರು. ಅದರ ಮೇಲಿನ ಹೊಳಪು ಆರುತ್ತಿತ್ತು. ಮೇಸ್ತ್ರಿ ಬಗ್ಗಿ ಕರಣೆಯ ತುದಿ ಚುಚ್ಚಿದ. "ಸಾರ್, ಇನ್ನು ಹತ್ತು ನಿಮಿಷ. ಆಮೇಲೆ ನನ್ನನ್ನ ಕೇಳಬೇಡಿ."

ಕೊನೆಗೆ ಅವನು ಕೆಳಗಿಳಿದು ಕಾರಿನಿಂದ ಸೀಲು ತಂದ. ಮೊಣಕಾಲ ಮೇಲೆ ಕಾಗದ ಇಟ್ಟು ಬರೆದ, ಒತ್ತಿದ, ಮಗಳ ಕಡೆ ಚಾಚಿದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಮಗಳು ಅದನ್ನು ಓದದೆಯೇ ಓಡಿದಳು. ಅವಳ ಚಪ್ಪಲಿ ಒಂದು ಮರಳಿನಲ್ಲೇ ಉಳಿಯಿತು.

ಬಾಂಡ್ಲಿಯಕ್ಕ ಎದ್ದಳು. ಕೊಟ್ಟ ಮಾತಿನಂತೆ ಎತ್ತಿದಳು. ಹೊಸ ಕಾಂಕ್ರೀಟು ಹಳೆಯದರ ಅಂಚಿಗೆ ಬಿದ್ದಾಗ ಮೇಸ್ತ್ರಿ ತಲೆಯಾಡಿಸಿದ. "ಕೂಡ್ಕೊಳ್ಳಲ್ಲ. ಗೆರೆ ಬಿತ್ತು" ಅಂದ. "ಸುಮ್ಮನೆ ಸುರಿಸಯ್ಯ" ಅಂದ ಇಂಜಿನಿಯರು. ಸಾಲು ಮತ್ತೆ ನಡೆಯಿತು. ಅವಳ ಕೈ ಹಗುರಾಗಿತ್ತು. ಬೊಚ್ಚುಬಾಯಿ ಅತ್ತೆ ಕೆಳಗಿನಿಂದ, "ಇಂಜಿನಿಯರಮ್ಮನ ಅಮ್ಮ, ಹಿಡ್ಕೊ" ಅಂತ ಬಾಂಡ್ಲಿ ಕೊಟ್ಟಳು. ಇಬ್ಬರೂ ನಕ್ಕರು.

ಓಡಿ ಹೋದವಳು ನಡೆದು ಬಂದಳು.

ಅಷ್ಟು ದೂರದಿಂದಲೇ ತಾಯಿಗೆ ಗೊತ್ತಾಯಿತು. ಮಗಳು ಬಂದು ಏಣಿಯ ಬುಡದಲ್ಲಿ ನಿಂತಳು. ಅಳುತ್ತಿರಲಿಲ್ಲ. ಕಾಗದವನ್ನು ಎತ್ತಿ ಹಿಡಿದು ಓದಿದಳು. "ಕೆಲಸದ ಸಲುವಾಗಿ ತಾತ್ಕಾಲಿಕವಾಗಿ ತಂಗಿರುತ್ತಾರೆ ಅಂತ ಬರೆದಿದ್ದಾರಮ್ಮ. ವಾಸ ಅಂತ ಬರೆದಿಲ್ಲ. ತಂಗಿದವರಿಗೆ ಸೀಟಿಲ್ಲವಂತೆ. ನನ್ನ ಕಣ್ಣೆದುರಿಗೇ ನನ್ನ ಸೀಟಿಗೆ ಅರವತ್ತೊಂದನೆಯವರನ್ನ ಕರೆದರು."

ಮಿಕ್ಸರು ತಿರುಗುತ್ತಲೇ ಇತ್ತು. ಬಾಂಡ್ಲಿಯಕ್ಕ ಇಂಜಿನಿಯರಿನ ಕಡೆ ತಿರುಗಿದಳು. ಅವನು ಸರಳುಗಳನ್ನು ಎಣಿಸುವವನ ಹಾಗೆ ಕೆಳಗೆ ನೋಡುತ್ತಿದ್ದ.

"ಹನ್ನೊಂದು ವರ್ಷ ಆಯ್ತು. ತಾತ್ಕಾಲಿಕ ಅನ್ನೋದು ಎಷ್ಟು ವರ್ಷಕ್ಕೆ ಮುಗಿಯುತ್ತೆ ಸಾರ್?"

"ನನಗೂ ಹೆಂಡತಿ ಮಕ್ಕಳಿದ್ದಾರಮ್ಮ" ಅಂದ ಅವನು.

ಅವಳು ಕೈಯಲ್ಲಿದ್ದ ತುಂಬಿದ ಬಾಂಡ್ಲಿಯನ್ನು ಅಲ್ಲೇ ಬಿಟ್ಟಳು. ತಲೆಯ ಸಿಂಬೆ ಬಿಚ್ಚಿ, ಅದರಲ್ಲೇ ಮುಖ ಒರೆಸಿಕೊಂಡು, ಏಣಿ ಇಳಿದಳು. ಸ್ಲ್ಯಾಬಿನ ದಿನ, ಸೂರ್ಯ ಇನ್ನೂ ಮೇಲಿರುವಾಗ, ಕಾಲು ಭಾಗ ಸ್ಲ್ಯಾಬು ಖಾಲಿ ಇರುವಾಗ ಇಳಿದಳು. ಹೆಂಗಸರು ಒಬ್ಬೊಬ್ಬರಾಗಿ ಏಣಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನೆಟ್ಟಗೆ ಕಟ್ಟಡದ ಬುಡದಲ್ಲೇ ಇದ್ದ ಹಾಜರಿ ಗುಮಾಸ್ತನ ಮೇಜಿಗೆ ಹೋದಳು.

"ಪುಸ್ತಕ ತೆಗಿಯಣ್ಣ. ನನ್ನ ಹೆಸರಿನ ಮುಂದೆ ಊರು ಅಂತ ಇದೆಯಲ್ಲ, ಅದನ್ನ ಹೊಡೆದುಹಾಕು. ಮೂರನೇ ಶೆಡ್ಡು, ಯೂನಿವರ್ಸಿಟಿ ಹಿಂದೆ ಅಂತ ಬರಿ."

ಮುದುಕ ಕನ್ನಡಕ ತೆಗೆದ. "ನಾಳೆ ಈ ಪುಸ್ತಕದಲ್ಲಿ ನಿನ್ನ ಹೆಸರೇ ಇರುತ್ತೋ ಇಲ್ಲವೋ ಅಕ್ಕ."

"ಇವತ್ತಿದೆಯಲ್ಲ. ಇವತ್ತಿಂದಕ್ಕೆ ಬರಿ."

"ಯೋಚನೆ ಮಾಡು ತಾಯಿ" ಅಂತ ದನಿ ಇಳಿಸಿದ. "ಹಾಗೆ ಬರೆದರೆ ನಾಳೆ ಬಿದ್ದುಗಿದ್ದರೆ ಲಾರಿ ಕೊಡಲ್ಲ. ಗಂಡನ ಪಕ್ಕದ ಮಣ್ಣು ಸಿಗಲ್ಲ ನಿನಗೆ."

ಅವಳು ನೆಟ್ಟು ಬಂದ ಕಲ್ಲು ಕಣ್ಣ ಮುಂದೆ ಬಂತು. ಆದರೂ ಮಾತು ಗಟ್ಟಿಯಾಗೇ ಬಂತು. "ಸಿಗದಿದ್ದರೆ ಬೇಡ. ಇಲ್ಲೇ ಹೂಳಲಿ. ಹೂತದ್ದನ್ನೂ ತಾತ್ಕಾಲಿಕ ಅಂತ ಬರೀತಾರಾ ನೋಡೇಬಿಡ್ತೀನಿ."

ಗುಮಾಸ್ತ ಕನ್ನಡಕ ಹಾಕಿಕೊಂಡ. ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಗೆರೆಯಿಲ್ಲದ ಒಂದು ಕಪ್ಪು ಬೊಟ್ಟು ಬಿತ್ತು. ಮಗಳು ಪೆನ್ನು ಇಸಿದುಕೊಂಡು ಅದರ ಪಕ್ಕದಲ್ಲಿ ಇವತ್ತಿನ ತಾರೀಕು ಬರೆದಳು.

ಹಿಂದೆ ಕೆಮ್ಮಿದ ಸದ್ದಾಯಿತು. ಬೊಚ್ಚುಬಾಯಿ ಅತ್ತೆ ನಿಂತಿದ್ದಳು. "ನಂದೂ ಬರಿಯಪ್ಪ. ಹಲ್ಲಂತೂ ಎಲ್ಲ ಇಲ್ಲೇ ಉದುರಿದಾವೆ. ಮೂಳೆನೂ ಇಲ್ಲೇ ಇರಲಿ." ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಬೆಳಿಗ್ಗೆಯಿಂದ ಏಣಿಯ ಮೇಲಿದ್ದ ಸಾಲು ಪೂರ್ತಿ ಇಳಿದು ಮೇಜಿನ ಮುಂದೆ ನಿಂತಿತ್ತು. ಮೇಲಿನಿಂದ ಇಂಜಿನಿಯರು ಕೂಗುತ್ತಿದ್ದ. ಬೇರೆ ಜನ ತರಿಸ್ತೀನಿ, ಶೆಡ್ಡುಗಳನ್ನ ಬೆಳಗಾಗೋದರೊಳಗೆ ಕೀಳಿಸ್ತೀನಿ ಅನ್ನುತ್ತಿದ್ದ. ಕೀಳಿಸಬಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಸಾಲು ಅಲುಗಲಿಲ್ಲ.

ಐದು ಹೊಡೆಯಿತು. ಹಳೇ ಕಟ್ಟಡದ ಕಿಟಕಿ ಮುಚ್ಚಿದ್ದು ಇಲ್ಲಿಗೇ ಕೇಳಿಸಿತು.

"ಇವತ್ತಿಂದ ಏಳು ವರ್ಷ ಎಣಿಸ್ಬೇಕಮ್ಮ" ಅಂದಳು ಮಗಳು. ಈಗ ಅವಳ ದನಿ ಒಡೆದಿತ್ತು. "ಅಷ್ಟು ಹೊತ್ತಿಗೆ ನನಗೆ ಇಪ್ಪತ್ತೈದಾಗುತ್ತೆ."

ಬಾಂಡ್ಲಿಯಕ್ಕ ತಲೆಯೆತ್ತಿ ಸ್ಲ್ಯಾಬನ್ನು ನೋಡಿದಳು. ಇಲ್ಲಿಂದ ಕಾಣದಿದ್ದರೂ ಹಳೆಯದು ಮತ್ತು ಹೊಸದರ ನಡುವಿನ ಗೆರೆ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ನಾಳೆ ಅದರ ಕೆಳಗೇ ಕಿಟಕಿಗಳು ಬರುತ್ತವೆ, ಕುರ್ಚಿಗಳು ಬರುತ್ತವೆ, ಅರ್ಜಿಗಳ ರಾಶಿ ಬರುತ್ತದೆ.

"ಆಗಲಿ" ಅಂದಳು. "ಅಲ್ಲೀ ತನಕ ಈ ಸೂರು ಸೋರ್ತಾ ಇರುತ್ತೆ."